ಅಡ್ಯಾರಿನ ಹನ್ನೆರಡು ಹಾಸಿಗೆ

ನಮ್ಮ ಚಿಕ್ಕಮ್ಮ ವರ್ಷಕ್ಕೊಂದು ಸಲ ಚೆನ್ನೈಗೆ ಹೋಗುತ್ತಾಳೆ. ಅಲ್ಲಿ ನಮಗೆ ನೆಂಟರಿಲ್ಲ. ಅವಳು ಹೋಗುವುದು ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿಗೆ. 19 ವರ್ಷದ ಹಿಂದೆ ಅವಳಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿತ್ತು. ಅಲ್ಲೇ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟು ವಾಸಿ ಮಾಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಜುಲೈ ಅಂದರೆ ಚಿಕ್ಕಮ್ಮನ ಚೆಕಪ್ ತಿಂಗಳು. ಪ್ರತಿ ಸಲ ಚಿಕ್ಕಪ್ಪ ಜೊತೆಗೆ ಹೋಗುತ್ತಿದ್ದರು. ಈ ಸಲ ಅವರಿಗೆ ಮಂಡಿನೋವು ಜಾಸ್ತಿಯಾಗಿತ್ತು. ‘ನಾನು ಬರ್ತೀನಿ ಬಾ ಚಿಕ್ಕಮ್ಮ’ ಅಂದೆ.

ನನಗೂ ಒಂದು ಆಸೆಯಿತ್ತು. ಈ ಆಸ್ಪತ್ರೆ ಕಟ್ಟಲು ಓಡಾಡಿದ್ದು ಮದ್ರಾಸಿನ ಹೆಂಗಸರ ಒಂದು ಸಂಘ ಅಂತ ಕೆಲವು ತಿಂಗಳ ಹಿಂದೆ ಓದಿದ್ದೆ. ಓದಿದ ಮೇಲೆ ಅದು ತಲೆಯಿಂದ ಹೋಗಲೇ ಇಲ್ಲ. ನಮ್ಮ ಮನೆಯ ಒಂದು ಜೀವವನ್ನು ಉಳಿಸಿಕೊಟ್ಟ ಜಾಗ ಅದು. ಅದನ್ನು ಕಟ್ಟಿದವರು ಯಾರು ಅಂತ 19 ವರ್ಷ ನಾವ್ಯಾರೂ ಕೇಳಿರಲಿಲ್ಲ.

ಬೆಳಿಗ್ಗೆ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹತ್ತಿದೆವು. ಚಿಕ್ಕಮ್ಮನ ಹತ್ತಿರ ಎರಡು ಚೀಲ. ಒಂದರಲ್ಲಿ ಬಟ್ಟೆ, ಚಿತ್ರಾನ್ನದ ಡಬ್ಬಿ, ಮೊಸರನ್ನದ ಡಬ್ಬಿ. ಇನ್ನೊಂದು ಬಟ್ಟೆಯ ಕೈಚೀಲ. ಅದನ್ನು ಮೇಲಿಡು ಅಂದರೂ ಕೇಳಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕೂತಳು. ಅದರಲ್ಲಿ ಅವಳ ಹಳೆಯ ಫೈಲಿದೆ ಅಂದುಕೊಂಡೆ.

ಟಿಕೆಟಿನ ವಿಷಯ ಗೊತ್ತಿಲ್ಲದವರಿಗಾಗಿ ಒಂದು ಮಾತು. ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗೆ ಅಥವಾ ಚೆಕಪ್ಪಿಗೆ ಹೋಗುವಾಗ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯವರು ಸಹಿ ಮಾಡಿಕೊಟ್ಟ ಫಾರ್ಮ್ ತೋರಿಸಬೇಕು. ಸೆಕೆಂಡ್ ಕ್ಲಾಸಿನಲ್ಲಿ ರೋಗಿಗೂ ಜೊತೆಗಿರುವವರಿಗೂ 75 ಪರ್ಸೆಂಟ್ ಕಡಿಮೆ. ಸ್ಲೀಪರ್‌ನಲ್ಲಾದರೆ ರೋಗಿಗೆ ಪೂರ್ತಿ ಉಚಿತ. ಇದು ತುಂಬಾ ಜನಕ್ಕೆ ಗೊತ್ತೇ ಇರುವುದಿಲ್ಲ. ಗೊತ್ತಿದ್ದರೆ ಎಷ್ಟೋ ಬಡವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತಿರಲಿಲ್ಲ ಅನಿಸುತ್ತದೆ.

ಬಂಗಾರಪೇಟೆ ದಾಟಿದ ಮೇಲೆ ಚಿಕ್ಕಮ್ಮ ತಾನಾಗಿಯೇ ಮಾತು ತೆಗೆದಳು. ‘ಎಂಟು ತಿಂಗಳು ಯಾರಿಗೂ ಹೇಳಿರ್ಲಿಲ್ಲ ಕಣಮ್ಮ. ನಾಚಿಕೆ. ಮುಟ್ಟು ನಿಂತ ಮೇಲೂ ರಕ್ತ ಹೋಗ್ತಿತ್ತು. ಯಾರಿಗೆ ಹೇಳೋದು? ಕೊನೆಗೆ ಒಬ್ಬ ಡಾಕ್ಟರಿಗೆ ತೋರಿಸಿದ್ರೆ, ಈ ವಯಸ್ಸಲ್ಲಿ ಹಾಗೇ ಆಗುತ್ತೆ ಹೋಗಮ್ಮ ಅಂದ್ಬಿಟ್ರು.’ ನಾನು ಸುಮ್ನೆ ಕೇಳಿಸಿಕೊಂಡೆ. ಆಗ ನಾನು ಕಾಲೇಜಿನಲ್ಲಿದ್ದೆ. ಮನೆಯಲ್ಲಿ ‘ಹೊಟ್ಟೆನೋವು’ ಅಂತಷ್ಟೇ ಹೇಳಿದ್ದರು. ಆ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕಾಟ್ಪಾಡಿಯಲ್ಲಿ ಅರ್ಧ ಬೋಗಿ ಇಳಿಯಿತು. ದೊಡ್ಡ ಕವರು, ಪ್ಲಾಸ್ಟಿಕ್ ಫೋಲ್ಡರು, ಎಕ್ಸ್‌ರೇ ಹಿಡಿದವರು. ಎಲ್ಲರೂ ವೆಲ್ಲೂರಿನ ಸಿಎಂಸಿಗೆ ಹೋಗುವವರು. ಅದೂ ಹೆಂಗಸೊಬ್ಬರು ಹುಟ್ಟುಹಾಕಿದ ಆಸ್ಪತ್ರೆಯೇ. ಐಡಾ ಸ್ಕಡರ್ ಅಮೆರಿಕದ ಮಿಷನರಿ ಮನೆತನದವರು, ಹುಟ್ಟಿದ್ದು ಇಲ್ಲೇ, 1870ರಲ್ಲಿ. ಹುಡುಗಿಯಾಗಿದ್ದಾಗ ಒಂದೇ ರಾತ್ರಿ ಮೂರು ಜನ ಗಂಡಸರು ಅವರ ಬಾಗಿಲಿಗೆ ಬಂದರಂತೆ. ಮೂವರ ಹೆಂಡಂದಿರಿಗೂ ಹೆರಿಗೆ ಕಷ್ಟವಾಗಿತ್ತು. ಐಡಾ ಅವರ ತಂದೆ ಡಾಕ್ಟರು, ಆದರೆ ಗಂಡಸು ಮುಟ್ಟುವುದು ಬೇಡ ಅಂತ ಆ ಮೂವರೂ ಅಂದರು. ಬೆಳಗಾಗುವಷ್ಟರಲ್ಲಿ ಮೂರೂ ಹೆಂಗಸರು ಸತ್ತಿದ್ದರು. ಆ ಹುಡುಗಿ ಅಮೆರಿಕಕ್ಕೆ ಹೋಗಿ ಡಾಕ್ಟರ್ ಆಗಿ ಬಂದು 1900ರಲ್ಲಿ ಒಂದೇ ಹಾಸಿಗೆಯ ಕ್ಲಿನಿಕ್ ಶುರು ಮಾಡಿದರು. 1918ರಲ್ಲಿ ಹೆಣ್ಣುಮಕ್ಕಳಿಗೇ ಅಂತ ವೈದ್ಯಕೀಯ ಶಾಲೆ ತೆರೆದರು.

ಇದನ್ನು ಚಿಕ್ಕಮ್ಮನಿಗೆ ಹೇಳಿದೆ. ಅವಳು ಕಿಟಕಿಯ ಆಚೆ, ಫೈಲ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಜನರನ್ನು ನೋಡುತ್ತಾ, ‘ನಾಚಿಕೆಗೇ ಸತ್ತರಲ್ಲ ಪಾಪ’ ಅಂದಳು.

ಮಧ್ಯಾಹ್ನ ಚೆನ್ನೈ ಸೆಂಟ್ರಲ್. ಹೊರಗೆ ಬಂದರೆ ಬಿಸಿಲು ಮುಖಕ್ಕೆ ಹೊಡೆಯಿತು. ರಸ್ತೆಯ ಆಚೆಗೆ ದೊಡ್ಡ ಸರ್ಕಾರಿ ಆಸ್ಪತ್ರೆ. ಅದಕ್ಕೆ ಸೇರಿದಂತೆ ಮದ್ರಾಸ್ ಮೆಡಿಕಲ್ ಕಾಲೇಜು. ಚಿಕ್ಕಮ್ಮನನ್ನು ನೆರಳಿನಲ್ಲಿ ಕೂರಿಸಿ ನಾನು ಐದು ನಿಮಿಷ ಆ ಕಡೆ ನೋಡುತ್ತಾ ನಿಂತೆ. ನಾನು ಹುಡುಕಿಕೊಂಡು ಬಂದ ಕಥೆ ಶುರುವಾಗುವುದು ಇಲ್ಲಿಂದಲೇ.

ಅಡ್ಯಾರಿನ ಆಸ್ಪತ್ರೆಗಾಗಿ ಓಡಾಡಿದ ಹೆಂಗಸರ ಮುಂದಾಳು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಆಕೆ ಹುಟ್ಟಿದ್ದು 30 ಜುಲೈ 1886, ಪುದುಕೋಟೆಯಲ್ಲಿ. ಅದು ಆಗ ಒಂದು ಸಣ್ಣ ಸಂಸ್ಥಾನ. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದವರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಈ ಮಗಳು ಕಾಲೇಜು ಸೇರಬೇಕು ಅಂದಾಗ ಊರಿನಲ್ಲಿ ದೊಡ್ಡ ಗಲಾಟೆ. ಹುಡುಗರ ಕಾಲೇಜಿಗೆ ಹುಡುಗಿ ಬಂದರೆ ಹುಡುಗರು ಕೆಡುತ್ತಾರೆ ಅಂತ ವಾದ. ಕೊನೆಗೆ ಪುದುಕೋಟೆಯ ರಾಜರೇ ಸೇರಿಸಿಕೊಳ್ಳಿ ಅಂದರು, ಸ್ಕಾಲರ್‌ಶಿಪ್ಪನ್ನೂ ಕೊಟ್ಟರು.

1907ರಲ್ಲಿ ಆಕೆ ನನ್ನೆದುರಿಗಿದ್ದ ಈ ಕಾಲೇಜಿಗೆ ಬಂದರು. ಅಷ್ಟು ಹೊತ್ತಿಗೆ ಇಲ್ಲಿಗೆ ಹೆಣ್ಣುಮಕ್ಕಳು ಬರುವುದು ಪೂರ್ತಿ ಹೊಸದೇನಲ್ಲ. 1875ರಲ್ಲೇ ನಾಲ್ಕು ಜನರನ್ನು ಸೇರಿಸಿಕೊಂಡಿದ್ದರು. ಆದರೂ ಸರ್ಜರಿ ಪಾಠಕ್ಕೆ ಹುಡುಗಿಯರು ಬೇಡ ಅನ್ನುವ ಪ್ರೊಫೆಸರ್ ಇದ್ದರು. ಆಕೆ ಸರ್ಜರಿಯಲ್ಲೇ ಮೊದಲು ಬಂದ ಮೇಲೆ ಅವರು ಬಾಗಿಲು ತೆಗೆದರು. 1912ರಲ್ಲಿ ಡಾಕ್ಟರ್ ಆದರು. 1914ರಲ್ಲಿ ಡಾ. ಸುಂದರ ರೆಡ್ಡಿ ಅವರನ್ನು ಮದುವೆಯಾಗುವಾಗ, ನನ್ನನ್ನು ಸರಿಸಮ ಅಂತ ನೋಡಬೇಕು, ನನ್ನ ಕೆಲಸಕ್ಕೆ ಅಡ್ಡ ಬರಬಾರದು ಅಂತ ಮೊದಲೇ ಮಾತು ತೆಗೆದುಕೊಂಡಿದ್ದರು. 1914ರಲ್ಲಿ! ಇದನ್ನು ಮೊದಲ ಸಲ ಓದಿದಾಗ ನಾನು ಎರಡು ಸಲ ಇಸವಿ ನೋಡಿದ್ದೆ.

ಪಾರ್ಕ್ ಟೌನ್ ಸ್ಟೇಷನ್ನಿನಿಂದ ಮೇಲ್ಸೇತುವೆ ರೈಲು ಹತ್ತಿದೆವು. ಅಡ್ಯಾರ್ ಕಡೆಗೆ ಹೋಗಲು ಅಗ್ಗದ ದಾರಿ ಇದೇ. ಆಟೋದವರ ಜೊತೆ ಜಗ್ಗಾಡುವ ಕೆಲಸವಿಲ್ಲ. ತಿರುವಲ್ಲಿಕೇಣಿ, ತಿರುಮಯಿಲೈ, ಮಂದವೇಲಿ ಅಂತ ಒಂದೊಂದೇ ಸ್ಟೇಷನ್ ಬರುತ್ತದೆ. ದಾರಿಯುದ್ದಕ್ಕೂ ಹೆಚ್ಚುಕಡಿಮೆ ಬಕಿಂಗ್‌ಹ್ಯಾಮ್ ಕಾಲುವೆಯ ಪಕ್ಕದಲ್ಲೇ ಓಡುತ್ತದೆ. ಈಗ ಆ ನೀರು ಕಪ್ಪಗಿದೆ, ವಾಸನೆ ಬರುತ್ತದೆ. ಕೂವಂ ನದಿಗೂ ಅಡ್ಯಾರ್ ನದಿಗೂ ನಡುವಿನ ಈ ಭಾಗವನ್ನು 1877-78ರಲ್ಲಿ ತೋಡಿಸಿದರು. ಮಹಾಕ್ಷಾಮದ ಕಾಲ ಅದು. ಹಸಿದ ಜನಕ್ಕೆ ಕೂಲಿ ಕೊಡಲು ತೋಡಿಸಿದ ಕಾಲುವೆ. ನಮ್ಮ ಮೈಸೂರು ಸೀಮೆಯನ್ನೂ ಬಾಡಿಸಿದ್ದು ಅದೇ ಬರ. ಆ ಕಾಲುವೆಯ ದಂಡೆಯ ಮೇಲೆಯೇ ಮುಂದೆ ಈ ಆಸ್ಪತ್ರೆ ಎದ್ದಿತು.

ಕಸ್ತೂರ್ಬಾ ನಗರದಲ್ಲಿ ಇಳಿದೆವು. ಚಿಕ್ಕಮ್ಮನಿಗೆ ಈ ಬೀದಿಗಳು ತವರುಮನೆ ಇದ್ದ ಹಾಗೆ. ಯಾವ ಅಂಗಡಿಯಲ್ಲಿ ಗಂಜಿ ಸಿಗುತ್ತದೆ, ಯಾವ ಲಾಡ್ಜಿನಲ್ಲಿ ಅಡುಗೆ ಮಾಡಿಕೊಳ್ಳಲು ಬಿಡುತ್ತಾರೆ, ಎಲ್ಲಿ ಬಿಸಿನೀರು ಕೊಡುತ್ತಾರೆ, ಎಲ್ಲವೂ ಗೊತ್ತು. ಆಗ ಕರೆಂಟ್ ಕೊಡಿಸಿಕೊಳ್ಳಲು ವಾರಗಟ್ಟಲೆ ಇಲ್ಲೇ ಇದ್ದಳಲ್ಲ. ರೂಮು ಹಿಡಿದು, ಊಟ ಮಾಡಿ, ಅವಳು ಮಲಗಿದಳು. ನಾನು ಒಳಗೆ ಬಿಡುವ ಸಮಯ ಮುಗಿಯುವ ಮೊದಲು ನೋಡಿ ಬರಬೇಕು ಅಂತ, ಎಲ್ಲ ಧರ್ಮಗಳ ತಿರುಳನ್ನು ಅರಸುವ ಥಿಯೊಸಾಫಿಕಲ್ ಸೊಸೈಟಿಯ ಕಡೆ ಓಡಿದೆ.

ಅಡ್ಯಾರ್ ನದಿಯ ದಡದಲ್ಲಿ ಅದೊಂದು ಕಾಡು. 1882ರಿಂದ ಸೊಸೈಟಿಯ ಮುಖ್ಯ ಕಚೇರಿ ಇಲ್ಲೇ. ಹೊರಗಿನ ಹಾರ್ನ್ ಶಬ್ದ ಎರಡು ನಿಮಿಷ ನಡೆದರೆ ಕೇಳಿಸುವುದಿಲ್ಲ. ಹೆಸರಾದ ಆಲದ ಮರದ ಹತ್ತಿರ ಹೋದೆ. ಅದರ ಮೂಲ ಬುಡ 1989ರ ಗಾಳಿಗೆ ಬಿದ್ದುಹೋಯಿತು. ಬಿಳಲುಗಳು ನೆಲಕ್ಕಿಳಿದು ಬೇರು ಬಿಟ್ಟಿದ್ದವಲ್ಲ, ಮರ ಉಳಿಯಿತು. ಈಗ ನೋಡಿದರೆ ಯಾವುದು ಮೊದಲ ಮರ, ಯಾವುದು ಬಿಳಲು ಅಂತ ತಿಳಿಯುವುದಿಲ್ಲ. ಅದರ ನೆರಳಿನಲ್ಲಿ ಒಂದಿಷ್ಟು ಹೊತ್ತು ನಿಂತೆ.

ನಾನು ಓದಿದ್ದ ಆ ಹೆಂಗಸರ ಸಂಘ, ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್, ಇದೇ ಅಡ್ಯಾರಿನಲ್ಲಿ 1917ರ ಮೇ ತಿಂಗಳಲ್ಲಿ ಶುರುವಾಯಿತು. ಅನಿಬೆಸೆಂಟ್, ಮಾರ್ಗರೆಟ್ ಕಸಿನ್ಸ್, ಡೊರೊತಿ ಜಿನರಾಜದಾಸ ಅದರ ಮುಂದಾಳುಗಳು. ಇವರು ಹೊರದೇಶದಿಂದ ಬಂದವರು, ನಿಜ. ಆದರೆ ಸಂಘ ಬೆಳೆದದ್ದು ಇಲ್ಲಿನ ಹೆಂಗಸರಿಂದ. ಓದು, ಹೊಲಿಗೆ, ಬಾಣಂತಿಯರ ಆರೋಗ್ಯ, ಬಾಲ್ಯವಿವಾಹ, ಮತದ ಹಕ್ಕು, ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತಿತ್ತು. ‘ಸ್ತ್ರೀಧರ್ಮ’ ಅಂತ ಪತ್ರಿಕೆ ತಂದರು. ಅದೇ ವರ್ಷ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರನ್ನು ಮುಂದಿಟ್ಟುಕೊಂಡು, ಹೆಂಗಸರಿಗೂ ಮತ ಕೊಡಿ ಅಂತ, ಬ್ರಿಟಿಷ್ ಸರ್ಕಾರದಲ್ಲಿ ಭಾರತದ ವ್ಯವಹಾರ ನೋಡುತ್ತಿದ್ದ ಮಂತ್ರಿ ಮಾಂಟೆಗು ಅವರನ್ನು ಮದ್ರಾಸಿನಲ್ಲೇ ಕಂಡರು. ನಾಲ್ಕು ವರ್ಷದಲ್ಲಿ ಮದ್ರಾಸ್ ಪ್ರಾಂತ್ಯ ಹೆಂಗಸರಿಗೆ ಮತ ಕೊಟ್ಟಿತು. ಆಸ್ತಿ ಇದ್ದವರಿಗೆ ಮಾತ್ರ, ಆದರೂ ಕೊಟ್ಟಿತು.

ಇಲ್ಲಿ ನಮ್ಮವರೊಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಆಗ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ವಿಧಾನ ಪರಿಷತ್ತಿಗೆ ಚುನಾವಣೆಗೆ ನಿಂತರು. ನಿಲ್ಲು ಅಂತ ಹುರಿದುಂಬಿಸಿದ್ದು ಮಾರ್ಗರೆಟ್ ಕಸಿನ್ಸ್. ಕೂದಲೆಳೆಯ ಅಂತರದಲ್ಲಿ ಸೋತರು. ಅದೇ ಪರಿಷತ್ತಿಗೆ ಮುತ್ತುಲಕ್ಷ್ಮಿ ಅವರನ್ನು ನಾಮನಿರ್ದೇಶನ ಮಾಡಿದರು. ಹೆಸರು ಮುಂದೆ ಮಾಡಿದ್ದು ಈ ಸಂಘವೇ. 1927ರಲ್ಲಿ ಆಕೆ ಉಪಸಭಾಪತಿಯೂ ಆದರು. ದೇವಸ್ಥಾನಕ್ಕೆ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವ ಪದ್ಧತಿ ನಿಲ್ಲಿಸಿ ಅಂತ ಅಲ್ಲಿ ಗಟ್ಟಿಯಾಗಿ ಕೇಳಿದರು. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ಅದನ್ನು ನಿಲ್ಲಿಸಿತ್ತು. ಮದ್ರಾಸಿನಲ್ಲಿ ಕಾನೂನು ಬರಲು 1947 ಆಗಬೇಕಾಯಿತು. 1930ರಲ್ಲಿ ಗಾಂಧೀಜಿಯನ್ನು ಬಂಧಿಸಿದಾಗ ಆಕೆ ಪರಿಷತ್ತು ಬಿಟ್ಟು ಹೊರಗೆ ಬಂದರು.

ಸುಮಾರು ಅದೇ ಹೊತ್ತಿಗೆ ಒಂದು ರಾತ್ರಿ ದೇವದಾಸಿ ಮನೆತನದ ಮೂರು ಹುಡುಗಿಯರು ಅವರ ಬಾಗಿಲು ತಟ್ಟಿದರಂತೆ. ಪಟ್ಟಣದ ಯಾವ ಹಾಸ್ಟೆಲಿನಲ್ಲೂ ಅವರಿಗೆ ಜಾಗ ಕೊಟ್ಟಿರಲಿಲ್ಲ. ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅದೇ ಅವ್ವೈ ಹೋಮ್ ಆಯಿತು. ಇಲ್ಲಿಂದ ಸ್ವಲ್ಪ ದೂರದಲ್ಲಿ, ಬೆಸೆಂಟ್ ಅವೆನ್ಯೂ ರಸ್ತೆಯಲ್ಲಿ, ಈಗಲೂ ಹೆಣ್ಣುಮಕ್ಕಳು ಅಲ್ಲಿ ಓದುತ್ತಿದ್ದಾರೆ. ವಾಪಸ್ ಬರುವಾಗ ಆ ಕಡೆಯಿಂದಲೇ ಬಂದೆ.

ರಾತ್ರಿ ಚಿಕ್ಕಮ್ಮನಿಗೆ ಇಷ್ಟನ್ನೂ ಹೇಳಿದೆ. ‘ಅದೆಲ್ಲ ಸರಿ ಕಣಮ್ಮ, ಕ್ಯಾನ್ಸರ್ ಆಸ್ಪತ್ರೆ ಯಾಕೆ ಕಟ್ಟಿದ್ರು?’ ಅಂತ ನೇರವಾಗಿ ಕೇಳಿದಳು.

ತಂಗಿಗಾಗಿ. ಮುತ್ತುಲಕ್ಷ್ಮಿ ಅವರ ತಂಗಿ 1920ರ ದಶಕದ ಶುರುವಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮನೆಯಲ್ಲೇ ಡಾಕ್ಟರ್ ಅಕ್ಕ ಇದ್ದರು. ಊರಿನಲ್ಲಿ ದೊಡ್ಡ ಆಸ್ಪತ್ರೆಗಳಿದ್ದವು. ಆದರೂ ನರಳುವುದನ್ನು ನೋಡುತ್ತಾ ಕೂರಬೇಕಾಯಿತು. ಆಮೇಲೆ ಆಕೆ ಹೆಂಗಸರ ಮತ್ತು ಮಕ್ಕಳ ಕಾಯಿಲೆಗಳ ಬಗ್ಗೆ ಹೆಚ್ಚು ಕಲಿಯಲು ಇಂಗ್ಲೆಂಡಿಗೆ ಹೋದಾಗ ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆ ನೋಡಿದರು. ಈ ಒಂದು ಕಾಯಿಲೆಗೇ ಒಂದು ಆಸ್ಪತ್ರೆ ಇರಬಹುದು ಅನ್ನುವುದನ್ನು ಕಣ್ಣಾರೆ ಕಂಡರು.

1935ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿಗೆ ನೂರು ವರ್ಷ ತುಂಬಿತು. ಆ ಸಮಾರಂಭದಲ್ಲಿ ಆಕೆ ಎದ್ದು ನಿಂತು, ಇಲ್ಲಿ ಒಂದು ಕ್ಯಾನ್ಸರ್ ಆಸ್ಪತ್ರೆ ಬೇಕು ಅಂದರು. ಅಲ್ಲಿಂದ ಬಾಗಿಲು ತೆರೆಯಲು 19 ವರ್ಷ ಹಿಡಿಯಿತು. ಈ ನಡುವೆ ಯುದ್ಧ ಬಂತು, ಸ್ವಾತಂತ್ರ್ಯ ಬಂತು. ಕೇಳಿದ ಕಡೆಯೆಲ್ಲ ಒಂದೇ ಉತ್ತರ. ಕ್ಯಾನ್ಸರ್ ಬಂದವರು ಹೇಗೂ ಸಾಯುತ್ತಾರೆ, ಅದಕ್ಕೊಂದು ಆಸ್ಪತ್ರೆ ಯಾಕೆ ಅನ್ನುವ ಮಾತು ಸರ್ಕಾರದವರಿಂದಲೇ ಬಂದಿತ್ತು ಅಂತ ಈ ಆಸ್ಪತ್ರೆಯಲ್ಲೇ ಬಾಳು ಕಳೆದ ಡಾ. ಶಾಂತಾ ಅವರು ಮುಂದೆ ನೆನೆಸಿಕೊಳ್ಳುತ್ತಿದ್ದರು.

ಆಗ ಸಂಘ ಕೆಲಸಕ್ಕಿಳಿಯಿತು. ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಹೆಸರಿನಲ್ಲೇ ಒಂದು ಕ್ಯಾನ್ಸರ್ ಪರಿಹಾರ ನಿಧಿ ಮಾಡಿದರು. ಹೆಂಗಸರೇ ಕೇಳಿ ಕೇಳಿ ದುಡ್ಡು ಕೂಡಿಸಿದರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ ಭಾಗ. ಕೈಚಾಚಿ ಕೇಳುವುದು ಸುಲಭವಲ್ಲ. ಅದರಲ್ಲೂ ಜನ ಹೆಸರೆತ್ತಲೂ ಹೆದರುವ ಕಾಯಿಲೆಗೆ ಕೇಳುವುದು. ಸ್ಕೂಲಿಗೆ, ದೇವಸ್ಥಾನಕ್ಕೆ ಅಂದರೆ ಕೊಡುತ್ತಾರೆ. ಸಾಯುವವರಿಗಾಗಿ ಅಂದರೆ ಯಾರು ಕೊಡುತ್ತಾರೆ? ಆದರೂ ಇವರಿಗೆ ಕೇಳಿ ಅಭ್ಯಾಸವಿತ್ತು. ಮತ ಕೇಳಿದವರು, ಕಾನೂನು ಕೇಳಿದವರು, ಹಾಸ್ಟೆಲಿಗೆ ಅಕ್ಕಿಬೇಳೆ ಕೇಳಿದವರು. ಅದೇ ಹೆಂಗಸರು, ಅದೇ ಸಂಘ. ಒಬ್ಬರ ಹೆಸರಷ್ಟೇ ನಮಗೆ ಉಳಿದಿದೆ, ಜೊತೆಗೆ ಓಡಾಡಿದವರ ಹೆಸರುಗಳು ಉಳಿದಿಲ್ಲ. ಅದಕ್ಕೇ ಇದನ್ನು ಮುತ್ತುಲಕ್ಷ್ಮಿ ಅವರ ಆಸ್ಪತ್ರೆ ಅನ್ನುವಾಗಲೆಲ್ಲ ನನಗೆ ಸಂಘದ ಹೆಸರನ್ನೂ ಸೇರಿಸಿ ಹೇಳಬೇಕು ಅನಿಸುತ್ತದೆ.

10 ಅಕ್ಟೋಬರ್ 1952ರಂದು ನೆಹರೂ ಬಂದು ಅಡಿಗಲ್ಲು ಹಾಕಿದರು. 18 ಜೂನ್ 1954ರಂದು ಆಸ್ಪತ್ರೆ ತೆರೆಯಿತು. ಒಂದು ಸಣ್ಣ ಕಟ್ಟಡ. 12 ಹಾಸಿಗೆ. ದಕ್ಷಿಣ ಭಾರತದ ಮೊದಲ ಕ್ಯಾನ್ಸರ್ ಆಸ್ಪತ್ರೆ. ಆಗ ಮುತ್ತುಲಕ್ಷ್ಮಿ ಅವರಿಗೆ ಹತ್ತಿರ ಹತ್ತಿರ 68 ವರ್ಷ.

ಚಿಕ್ಕಮ್ಮ ಕೈ ಬೆರಳು ಮಡಚಿ ಎಣಿಸಿದಳು. ‘ತಂಗಿ ಹೋಗಿ ಮೂವತ್ತು ವರ್ಷ ಆದ ಮೇಲೆ’ ಅಂದಳು. ಆಮೇಲೆ ದೀಪ ಆರಿಸಿದೆವು. ಅವಳು ತುಂಬಾ ಹೊತ್ತು ಮಲಗಲಿಲ್ಲ ಅಂತ ನನಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಬೇಗ ಹೋದೆವು. ಆಗಲೇ ಜನ ತುಂಬಿದ್ದರು. ತಮಿಳು, ತೆಲುಗು, ಮಲಯಾಳಂ ಎಲ್ಲ ಕಿವಿಗೆ ಬೀಳುತ್ತಿತ್ತು. ಒಂದು ಮೂಲೆಯಲ್ಲಿ ಕನ್ನಡವೂ ಕೇಳಿಸಿತು. ಚಿತ್ತೂರಿನ ಕಡೆಯ ಒಬ್ಬ ಹೆಂಗಸು ಚಿಕ್ಕಮ್ಮನ ಪಕ್ಕದಲ್ಲಿ ಕೂತಿದ್ದರು. ವಯಸ್ಸು 40 ಇರಬಹುದು. ಕೈಯಲ್ಲಿ ಹೊಸ ಫೈಲು. ಮುಖದಲ್ಲಿ ರಕ್ತವೇ ಇರಲಿಲ್ಲ. ಚಿಕ್ಕಮ್ಮ ತೆಲುಗಿನಲ್ಲಿ ಮಾತಾಡಿಸಿದಳು. ಕೋಲಾರದ ಸೀಮೆಯವರಿಗೆ ತೆಲುಗು ಕಲಿಸಬೇಕೇ? ಅವರದೂ ಅದೇ ಜಾಗದ ಕಾಯಿಲೆ. ಚಿಕ್ಕಮ್ಮ ತನ್ನ ಹಳದಿಯಾದ ಫೈಲು ತೆಗೆದು ಮೊದಲ ಹಾಳೆಯ ತಾರೀಖು ತೋರಿಸಿದಳು. ‘ನೋಡು ತಾಯಿ, 19 ವರ್ಷ. ಮೊಮ್ಮಕ್ಕಳನ್ನು ಎತ್ತಾಡಿಸಿದೀನಿ’ ಅಂದಳು. ಆ ಹೆಂಗಸು ಆ ತಾರೀಖಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ನೋಡಿದರು.

ಚಿಕ್ಕಮ್ಮ ಒಳಗೆ ಹೋದಾಗ ನಾನು ಹೊರಗೆ ಮರದ ಕೆಳಗೆ ಕೂತೆ. ಈ ಆವರಣದಲ್ಲೇ ಒಬ್ಬ ಡಾಕ್ಟರ್ 65 ವರ್ಷಕ್ಕೂ ಜಾಸ್ತಿ ಕಾಲ ಬದುಕಿದ್ದರು. ಡಾ. ವಿ. ಶಾಂತಾ. 1927ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು. ಸಿ.ವಿ. ರಾಮನ್ ಅವರ ಕುಟುಂಬದವರು. ಓದಿದ್ದು ಹೆರಿಗೆ ಮತ್ತು ಸ್ತ್ರೀರೋಗ. ಸರ್ಕಾರಿ ಹೆಂಗಸರ ಆಸ್ಪತ್ರೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. ಅದನ್ನು ಬಿಟ್ಟು ಈ 12 ಹಾಸಿಗೆಯ ಜಾಗಕ್ಕೆ ಬರುತ್ತೇನೆ ಅಂದಾಗ ಸುತ್ತಲಿನವರಿಗೆಲ್ಲ ಆಶ್ಚರ್ಯ. 13 ಏಪ್ರಿಲ್ 1955ರಂದು ಆವರಣದೊಳಗೆ ಮನೆ ಮಾಡಿದರು. ಮೊದಲು ಸಂಬಳವಿಲ್ಲದೆ ದುಡಿದವರು, ಆಮೇಲೆ ತಿಂಗಳಿಗೆ 200 ರೂಪಾಯಿ ತೆಗೆದುಕೊಂಡರು. ಅಲ್ಲಿಂದ 19 ಜನವರಿ 2021ರಂದು ತೀರಿಕೊಳ್ಳುವವರೆಗೂ ಇದೇ ಅವರ ಮನೆ.

ಅವರು ಬಂದಾಗ ಇಲ್ಲಿ ಮುತ್ತುಲಕ್ಷ್ಮಿ ಅವರ ಮಗ ಡಾ. ಕೃಷ್ಣಮೂರ್ತಿ ಸರ್ಜನ್ ಆಗಿದ್ದರು. ಶುರುವಿನಲ್ಲಿ ಡಾಕ್ಟರುಗಳು ಇಬ್ಬರೇ. ಇವರಿಬ್ಬರೇ ಸೇರಿ ಆಸ್ಪತ್ರೆಯನ್ನು ಎತ್ತಿ ನಿಲ್ಲಿಸಿದರು ಅನ್ನಬಹುದು. 1957ರಲ್ಲಿ ಕೆನಡಾದಿಂದ ಕೋಬಾಲ್ಟ್-60 ಯಂತ್ರ ತರಿಸಿದರು. ನಮ್ಮ ದೇಶದಲ್ಲೇ ಅದು ಮೊದಲನೆಯದು. ‘ಕರೆಂಟ್ ಕೊಡೋದು’ ಅಂತ ನಮ್ಮ ಕಡೆ ಹೇಳುತ್ತೇವಲ್ಲ, ಅದರಲ್ಲಿ ವಿದ್ಯುತ್ತನ್ನು ಮೈಗೆ ಹಾಯಿಸುವುದೇನಿಲ್ಲ. ಕೋಬಾಲ್ಟ್ ಲೋಹದಿಂದ ಹೊರಡುವ ಕಿರಣಗಳನ್ನು ಗಡ್ಡೆಯ ಮೇಲೆ ಗುರಿಯಿಟ್ಟು ಬಿಡುತ್ತಾರೆ. ಗಡ್ಡೆಯ ಜೀವಕಣಗಳು ಬೆಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಒಂದೇ ಸಲ ಜಾಸ್ತಿ ಬಿಟ್ಟರೆ ಒಳ್ಳೆಯ ಕಣಗಳೂ ಸಾಯುತ್ತವೆ. ಅದಕ್ಕೇ ದಿನಾ ಸ್ವಲ್ಪ ಸ್ವಲ್ಪ, ವಾರಗಟ್ಟಲೆ. ಚಿಕ್ಕಮ್ಮ ಆಗ ಈ ಊರಿನಲ್ಲಿ ಅಷ್ಟು ದಿನ ಇರಬೇಕಾಗಿ ಬಂದದ್ದು ಇದಕ್ಕೇ.

1960ರಲ್ಲಿ ಮಕ್ಕಳ ಕ್ಯಾನ್ಸರಿಗೆ ಬೇರೆ ವಿಭಾಗ ಮಾಡಿದರು. ನಮ್ಮ ದೇಶದಲ್ಲಿ ಆಗ ಅಂಥದ್ದು ಇರಲಿಲ್ಲ. 1980ರ ದಶಕದ ಶುರುವಿನಲ್ಲಿ ಈ ಊರಿನಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬರುತ್ತಿದೆ ಅಂತ ಲೆಕ್ಕ ಇಡುವ ಕೆಲಸವೂ ಇಲ್ಲಿಂದಲೇ ಶುರುವಾಯಿತು. ಅದೇ ಸಮಯಕ್ಕೆ ಬೆಂಗಳೂರಿನ ಕಿದ್ವಾಯಿಯಲ್ಲೂ ಶುರುವಾಗಿತ್ತು. ಈಗ ಇಲ್ಲಿ 500ಕ್ಕೂ ಮೇಲೆ ಹಾಸಿಗೆಗಳಿವೆ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಚಿಕಿತ್ಸೆ ಉಚಿತ, ಇಲ್ಲವೇ ರಿಯಾಯಿತಿ. ಶಾಂತಾ ಅವರಿಗೆ 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 2016ರಲ್ಲಿ ಪದ್ಮವಿಭೂಷಣ ಬಂತು.

ಮುತ್ತುಲಕ್ಷ್ಮಿ ಅವರು 22 ಜುಲೈ 1968ರಂದು ತೀರಿಕೊಂಡರು. 12 ಹಾಸಿಗೆ ಬೆಳೆಯುತ್ತಾ ಹೋದದ್ದನ್ನು 14 ವರ್ಷ ಕಣ್ತುಂಬಾ ನೋಡಿದರು. ಅದೊಂದು ಸಮಾಧಾನ ನನಗೆ.

ಶಾಂತಾ ಅವರ ಒಂದು ಹಟ ನನಗೆ ಬಹಳ ಹಿಡಿಸುತ್ತದೆ. ಕ್ಯಾನ್ಸರಿಗಿಂತ ಕ್ಯಾನ್ಸರಿನ ಹೆದರಿಕೆ ಜಾಸ್ತಿ ಜನರನ್ನು ಕೊಲ್ಲುತ್ತದೆ ಅನ್ನುವುದು ಅವರ ನಂಬಿಕೆ. ಬೇಗ ಬಂದರೆ ವಾಸಿಯಾಗುತ್ತದೆ ಅಂತ ಹೇಳಿಕೊಂಡೇ ಬಂದರು. ಚಿಕ್ಕಮ್ಮನ ಕಾಯಿಲೆಯ ಮಟ್ಟಿಗೆ ಅದು ಇನ್ನೂ ನಿಜ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲವೂ ಎಚ್‌ಪಿವಿ ಅನ್ನುವ ವೈರಸ್ಸಿನಿಂದ ಬರುತ್ತದೆ. ಆ ವೈರಸ್ಸು ಹೊಕ್ಕ ಮೇಲೆ ಕ್ಯಾನ್ಸರ್ ಆಗಲು ಬಹಳ ವರ್ಷ ಬೇಕು. ಆ ನಡುವಿನ ಕಾಲದಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿಸಿದರೆ ಸಿಕ್ಕಿಬೀಳುತ್ತದೆ. 30 ದಾಟಿದ ಹೆಂಗಸರೆಲ್ಲ ಮಾಡಿಸಬೇಕು. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಕೊಡುವ ಲಸಿಕೆಯೂ ಇದೆ. ನನ್ನ ಮಗಳಿಗೆ ಕೊಡಿಸಿದೆ. ಇದನ್ನು ಓದುವ ಅಕ್ಕತಂಗಿಯರು ದಯವಿಟ್ಟು ನಾಚಿಕೆ ಬಿಟ್ಟು ಡಾಕ್ಟರನ್ನು ಕೇಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಎಂಟು ತಿಂಗಳು ಕಾಯಬೇಡಿ.

ಎರಡು ಗಂಟೆಯ ಮೇಲೆ ಚಿಕ್ಕಮ್ಮ ಹೊರಗೆ ಬಂದಳು. ನಗುತ್ತಿದ್ದಳು. ಎಲ್ಲ ಸರಿಯಿದೆ, ಮುಂದಿನ ವರ್ಷ ಬನ್ನಿ ಅಂದಿದ್ದರು. ‘ಹೋಗೋಣ್ವಾ?’ ಅಂದೆ. ‘ಇರು, ಒಂದು ಕೆಲಸ ಇದೆ’ ಅಂತ ದುಡ್ಡು ಕಟ್ಟುವ ಕೌಂಟರಿನ ಕಡೆ ನಡೆದಳು.

ಬಟ್ಟೆಯ ಕೈಚೀಲದೊಳಗೆ ಕೈಹಾಕಿ ಒಂದು ಗಂಟು ತೆಗೆದಳು. ಹಳೆಯ ಸೆರಗಿನ ತುಂಡಿನಲ್ಲಿ ಕಟ್ಟಿದ್ದು. ಬಿಚ್ಚಿದರೆ ಹತ್ತರ ನೋಟು, ಇಪ್ಪತ್ತರದು, ಐವತ್ತರದು, ಒಂದಿಷ್ಟು ನಾಣ್ಯ. ಅವಳ ಬೀದಿಯ ಸ್ತ್ರೀಶಕ್ತಿ ಸಂಘದಲ್ಲಿ 14 ಜನರಿದ್ದಾರೆ. ವಾರ ವಾರ ಸಾಲದ ಕಂತು ಕಟ್ಟುವ ದಿನ, ಒಬ್ಬೊಬ್ಬರ ಹತ್ತಿರ ಹತ್ತು ರೂಪಾಯಿ ಕೇಳಿ ಕೂಡಿಟ್ಟಿದ್ದಳು. ವರ್ಷಪೂರ್ತಿ. ಕೆಲವು ವಾರ ಕೊಡದವರೂ ಇದ್ದರಂತೆ. ‘ಅವರಿಗೂ ಕಷ್ಟ ಇರುತ್ತೆ’ ಅಂದಳು. ಎಣಿಸಿದರೆ 5,870 ರೂಪಾಯಿ.

‘ಇದು ಯಾವಾಗಿಂದ ಚಿಕ್ಕಮ್ಮ?’ ಅಂದೆ. ‘ಇದು ಆರನೇ ವರ್ಷ’ ಅಂದಳು. ಚಿಕ್ಕಪ್ಪ ಒಂದು ದಿನವೂ ಮನೆಯಲ್ಲಿ ಹೇಳಿರಲಿಲ್ಲ. ಈ ಆಸ್ಪತ್ರೆಯನ್ನು ಹೆಂಗಸರ ಸಂಘ ಕಟ್ಟಿತು ಅಂತ ನಿನ್ನೆ ರಾತ್ರಿ ತನಕ ಅವಳಿಗೂ ಗೊತ್ತಿರಲಿಲ್ಲ.

ಕೌಂಟರಿನ ಹುಡುಗ ತಮಿಳಿನಲ್ಲಿ ಹೆಸರು ಕೇಳಿದ. ಚಿಕ್ಕಮ್ಮ 14 ಹೆಸರನ್ನೂ ಹೇಳಲು ಶುರು ಮಾಡಿದಳು. ಅವನು ನಕ್ಕು, ರಸೀದಿಯಲ್ಲಿ ಅಷ್ಟು ಜಾಗ ಇಲ್ಲ ಅಮ್ಮಾ, ಒಂದು ಹೆಸರು ಹೇಳಿ ಅಂದ. ನಾನು ಅವಳ ಹೆಸರು ಹೇಳಲು ಬಾಯಿ ತೆಗೆದೆ. ಅವಳು ನನ್ನ ಕೈ ಒತ್ತಿದಳು.

‘ಸಂಘ ಅಂತ ಬರಿಯಪ್ಪ’ ಅಂದಳು.

ಅವನು ಬರೆದುಕೊಟ್ಟ. ಅಕ್ಷರ ಸರಿಯಿದೆಯಾ ನೋಡು ಅಂತ ನನ್ನ ಕೈಗೆ ಕೊಟ್ಟಳು. ನೋಡಿದೆ, ಸರಿಯಿತ್ತು. ವಾಪಸ್ ತೆಗೆದುಕೊಂಡು ಸೆರಗಿನ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಸೋಮವಾರ ಸಂಘದಲ್ಲಿ ಎಲ್ಲರಿಗೂ ತೋರಿಸಬೇಕಂತೆ.